‘ಹೊರಲಿಕ್ಕೆ ಗೆಳೆಯ ಬೇಕು!’: ಕೊಲೊರಾಡೋದ ಎಲ್ಕ್ ಜತೆ ಒಂದು ಕಾಲ್ಪನಿಕ ಸಂದರ್ಶನ

ಅಮೆರಿಕದ ಕೊಲೊರಾಡೋದಲ್ಲಿ ಅಕ್ಟೋಬರ್ ನಡುಭಾಗವೆಂದರೆ ಬಂದೂಕಿನ ಹಂಗಾಮು. ರಾಕಿ ಪರ್ವತದ ಬುಡದ ಊರುಗಳಲ್ಲಿ ಮೋಟೆಲುಗಳು ಭರ್ತಿ, ಪೆಟ್ರೋಲ್ ಬಂಕಿನಲ್ಲಿ ಪಿಕಪ್ ಟ್ರಕ್ಕುಗಳ ಸಾಲು. ಗೆಳೆಯನನ್ನು ಕಟ್ಟಿಕೊಂಡು ಬೇಟೆಗೆ ಹೋದವರು ತಮ್ಮ ಸಾಹಸವನ್ನು ಬೇಕಾದಷ್ಟು ಹೇಳಿಕೊಂಡಿದ್ದಾರೆ. ಅವರು ಯಾರನ್ನು ಹೊಡೆಯಲು ಹೋಗುತ್ತಾರೋ ಅವರ ಅಭಿಪ್ರಾಯ ಕೇಳಿದವರಿಲ್ಲ. ಆ ಕೊರತೆ ನೀಗಿಸಲು ಫ್ಲ್ಯಾಟ್ ಟಾಪ್ಸ್ ಕಾಡಿನಲ್ಲಿ, 10,000 ಅಡಿ ಎತ್ತರದಲ್ಲಿ, ಹಿರಿಯ ಗಂಡು ಎಲ್ಕ್ ಒಬ್ಬರನ್ನು ಕಂಡೆವು. ಜಿಂಕೆ ಕುಲದವರು. ತೂಕ ಸುಮಾರು 320 ಕಿಲೋ, ಕೊಂಬೊಂದಕ್ಕೆ ಆರಾರು ಕವಲು. ಅವರು ಹಾಕಿದ ಷರತ್ತು ಒಂದೇ: ಗಾಳಿ ನಮ್ಮ ಕಡೆಯಿಂದ ಅವರ ಕಡೆಗೆ ಬೀಸುತ್ತಿರಬೇಕು.

ಪ್ರಶ್ನೆ: ನಮಸ್ಕಾರ. ಹೇಗಿದ್ದೀರಿ?

ಎಲ್ಕ್: ಮೆಲ್ಲಗೆ ಮಾತಾಡಿ. ಕೆಳಗಿನ ಕಣಿವೆಯಲ್ಲಿ ಇಬ್ಬರಿದ್ದಾರೆ. ಒಬ್ಬ ಡೆನ್ವರ್‌ನವನು, ಇನ್ನೊಬ್ಬ ಟೆಕ್ಸಾಸಿನಿಂದ ಬಂದ ಅವನ ಕಾಲೇಜು ಗೆಳೆಯ. ಬೆಳಗಿನ ಕಾಫಿ ಯಾರು ಕಾಯಿಸಬೇಕು ಎಂದು ರಾತ್ರಿಯೇ ಜಗಳವಾಡಿ ಮಲಗಿದ್ದಾರೆ. ಬೇಗ ಏಳುವ ಲಕ್ಷಣವಿಲ್ಲ. ಆದರೂ ನಮ್ಮ ಎಚ್ಚರದಲ್ಲಿ ನಾವಿರಬೇಕು.

ಪ್ರಶ್ನೆ: ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ, ಟೋಪಿ ಹಾಕಿಕೊಳ್ಳುತ್ತಾರೆ. ಹೀಗೆ ಎದ್ದು ಕಂಡರೆ ಬೇಟೆ ಆಗುತ್ತದೆಯೇ?

ಎಲ್ಕ್: ಅದು ಕಾನೂನು. ಬಂದೂಕು ಹಿಡಿದವನ ಸೊಂಟದ ಮೇಲೆ ಕನಿಷ್ಠ 500 ಚದರ ಅಂಗುಲ ಹೊಳೆಯುವ ಕಿತ್ತಳೆ ಬಣ್ಣ ಇರಬೇಕು, ತಲೆಯ ಮೇಲೂ ಇರಬೇಕು. 2016ರಿಂದ ಗುಲಾಬಿಯೂ ನಡೆಯುತ್ತದೆ. ನಮ್ಮ ಕಣ್ಣಿಗೆ ಆ ಬಣ್ಣ ಬೇರೆಯಾಗಿ ಕಾಣುವುದೇ ಇಲ್ಲ. ಆ ಅಂಗಿ ಇರುವುದು ನನಗಾಗಿ ಅಲ್ಲ, ಗೆಳೆಯ ಗೆಳೆಯನನ್ನೇ ಎಲ್ಕ್ ಎಂದುಕೊಂಡು ಗುಂಡು ಹಾರಿಸದಿರಲಿ ಎಂದು. ನಮ್ಮ ಹಿಂಡಿನಲ್ಲಿ ಒಬ್ಬರನ್ನೊಬ್ಬರು ಗುರುತಿಸಲು ಯೂನಿಫಾರಂ ಬೇಕಾಗಿಲ್ಲ.

ಪ್ರಶ್ನೆ: ನಿಮ್ಮನ್ನು ಹೊಡೆಯಲು ಲೈಸೆನ್ಸ್ ಸುಲಭವಾಗಿ ಸಿಗುತ್ತದೆಯೇ?

ಎಲ್ಕ್: ನನ್ನ ಬೆಲೆ ನನಗೇ ಗೊತ್ತಿರಲಿಲ್ಲ! ಹೊರ ರಾಜ್ಯದವನು ಸುಮಾರು 800 ಡಾಲರ್ ಕಟ್ಟಬೇಕು. ಈಗ ನಡೆಯುತ್ತಿರುವುದು ಮೊದಲ ಬಂದೂಕು ಹಂಗಾಮು, ಐದೇ ದಿನ. ಇದಕ್ಕೆ ದುಡ್ಡಿದ್ದರೆ ಸಾಲದು, ಲಾಟರಿಯಲ್ಲಿ ಹೆಸರು ಬರಬೇಕು. ಬರದಿದ್ದರೆ ಒಂದು ‘ಪಾಯಿಂಟ್’ ಕೊಟ್ಟು ಮುಂದಿನ ವರ್ಷ ಬಾ ಎನ್ನುತ್ತಾರೆ. ಕೆಲವು ಹೆಸರುವಾಸಿ ಪ್ರದೇಶಗಳಿಗೆ 20 ವರ್ಷ ಪಾಯಿಂಟ್ ಕೂಡಿಟ್ಟರೂ ಸರದಿ ಬರುವುದಿಲ್ಲ. ಅಷ್ಟರಲ್ಲಿ ಅರ್ಜಿ ಹಾಕಿದವನ ಮಂಡಿ ಸವೆದಿರುತ್ತದೆ, ನಾನಂತೂ ಮಣ್ಣಾಗಿ ಹೋಗಿರುತ್ತೇನೆ. ಸುಲಭವಾಗಿ ಸಿಗದಿರುವುದೇ ನನ್ನ ಮರ್ಯಾದೆ ಹೆಚ್ಚಿಸಿದೆ.

ಪ್ರಶ್ನೆ: ಸೆಪ್ಟೆಂಬರಿನಲ್ಲಿ ಬಿಲ್ಲು ಬಾಣದವರೂ ಬರುತ್ತಾರಂತೆ?

ಎಲ್ಕ್: ಅದನ್ನು ನೀವು ನೋಡಬೇಕಿತ್ತು. ಅದು ನಮ್ಮ ಬೆದೆಯ ಕಾಲ. ಆಗ ನಾನು ಕೂಗುತ್ತೇನೆ. ದಪ್ಪ ದನಿಯಲ್ಲಿ ಶುರುವಾಗಿ, ಸಿಳ್ಳೆಯಷ್ಟು ಮೇಲೇರಿ, ಕೊನೆಗೆ ಗುಟುರು ಹಾಕಿ ನಿಲ್ಲುತ್ತದೆ. ಅದನ್ನು ನಕಲು ಮಾಡಲು ಇವರು ಬಾಯಿಯೊಳಗೆ ಅಂಗುಳಿಗೊಂದು ರಬ್ಬರ್ ಪಟ್ಟಿ ಒತ್ತಿಕೊಂಡು ಪ್ಲಾಸ್ಟಿಕ್ ಕೊಳವೆಗೆ ಬಾಯಿ ಹಚ್ಚುತ್ತಾರೆ. ಒಮ್ಮೆ ಈ ಗುಡ್ಡದಿಂದ ಒಬ್ಬ ಕೂಗಿದ. ಆ ಗುಡ್ಡದಿಂದ ಉತ್ತರ ಬಂತು. ಇವನು ಬಗ್ಗಿ ಬಗ್ಗಿ ಹತ್ತಿರ ಹೋದ, ಅವನೂ ಬಗ್ಗಿ ಬಗ್ಗಿ ಹತ್ತಿರ ಬಂದ. ಪೊದೆ ಸರಿಸಿ ನೋಡಿದರೆ ಇಬ್ಬರ ಕೈಯಲ್ಲೂ ಕೊಳವೆ! ನನ್ನ ಹೆಂಡಿರು ಮೇಲೆ ನಿಂತು ನೋಡುತ್ತಿದ್ದರು. ಸಾಲದ್ದಕ್ಕೆ ಅಂಗಡಿಯಲ್ಲಿ ನಮ್ಮ ಮೂತ್ರ ಸೀಸೆಯಲ್ಲಿ ಮಾರುತ್ತಾರೆ, ದುಡ್ಡು ಕೊಟ್ಟು ತಂದು ಬಟ್ಟೆಗೆ ಸಿಂಪಡಿಸಿಕೊಳ್ಳುತ್ತಾರೆ. ಆಮೇಲೆ ಒಂದೇ ಡೇರೆಯಲ್ಲಿ ಇಬ್ಬರೂ ಮಲಗುತ್ತಾರೆ. ಸ್ನೇಹ ಎಂದರೆ ಅದು.

ಪ್ರಶ್ನೆ: ಬಂದವರೆಲ್ಲ ಹೊಡೆದುಕೊಂಡೇ ಹೋಗುತ್ತಾರಾ?

ಎಲ್ಕ್: ಐವರಲ್ಲಿ ಒಬ್ಬನಿಗೆ ಸಿಕ್ಕರೆ ಹೆಚ್ಚು. ಗುಂಡಿನ ಸದ್ದು ಜೋರಾದರೆ ನಾವು ಸರ್ಕಾರಿ ಕಾಡು ಬಿಟ್ಟು ದನ ಸಾಕುವವರ ಖಾಸಗಿ ಜಮೀನಿಗೆ ಇಳಿಯುತ್ತೇವೆ. ಬೇಲಿಯಾಚೆ ನಿಂತವನು ದುರ್ಬೀನಿನಲ್ಲಿ ಮೀಸೆ ಕಚ್ಚಿಕೊಂಡು ನೋಡುತ್ತಾನೆ. ಒಳಗೆ ಕಾಲಿಟ್ಟರೆ ಅತಿಕ್ರಮ ಪ್ರವೇಶದ ಕೇಸು. ಆಸ್ತಿ ಹಕ್ಕಿನ ಕಾನೂನು ನಿಮಗಿಂತ ನಮಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ಬೇಟೆಗೆ ಗೆಳೆಯ ಯಾಕೆ ಬೇಕು?

ಎಲ್ಕ್: ಹೊರಲಿಕ್ಕೆ! ಬೇರೆ ಕಾರಣ ಹೇಳುವವರು ಇನ್ನೂ ಎಲ್ಕ್ ಹೊಡೆದಿಲ್ಲ ಎಂದು ತಿಳಿಯಿರಿ. ಹೋದ ವರ್ಷ ನಮ್ಮ ಚಿಕ್ಕಪ್ಪನವರು ಹೋದಾಗ ನಾನು ಮರೆಯಲ್ಲೇ ಇದ್ದೆ. ಬಿದ್ದ ತಕ್ಷಣ, ಈಗ ಕಣಿವೆಯಲ್ಲಿರುವ ಇದೇ ಇಬ್ಬರು ತಬ್ಬಿಕೊಂಡರು, ಫೋಟೊ ತೆಗೆದುಕೊಂಡರು. ಆಮೇಲೆ ಟ್ರಕ್ ಎಲ್ಲಿದೆ ಎಂದು ಫೋನಿನ ನಕ್ಷೆ ನೋಡಿದರು. ಅಲ್ಲಿಗೆ ನಗು ನಿಂತಿತು. ಇದು ಸಂರಕ್ಷಿತ ವನ್ಯಪ್ರದೇಶ, ಮೋಟಾರು ಬಿಡಿ, ಕೈಗಾಡಿಯ ಚಕ್ರವನ್ನೂ ಉರುಳಿಸುವಂತಿಲ್ಲ. ಕುದುರೆಯೋ ಹೇಸರಗತ್ತೆಯೋ ಇದ್ದರೆ ಸರಿ, ಇಲ್ಲದಿದ್ದರೆ ಸ್ವಂತ ಬೆನ್ನು. ತಿನ್ನಬಹುದಾದ ಮಾಂಸವನ್ನು ಬಿಟ್ಟು ಹೋಗುವಂತಿಲ್ಲ, ಕೊಂಬು ಮಾತ್ರ ಕತ್ತರಿಸಿಕೊಂಡು ಹೋದರೆ ಗಂಭೀರ ಅಪರಾಧ. ಒಂದೊಂದು ಹಿಂಗಾಲೂ 25 ಕಿಲೋಗೆ ಕಡಿಮೆಯಿಲ್ಲ. ಚರ್ಮ ಸುಲಿದು, ಬಟ್ಟೆಯ ಚೀಲಕ್ಕೆ ತುಂಬಿ, ನೆರಳಿನ ಕೊಂಬೆಗೆ ತೂಗುಹಾಕಿ, ಒಂದೊಂದಾಗಿ ಹೊರಬೇಕು. ಬೆಳಗ್ಗೆ ‘ನಮ್ಮ ಎಲ್ಕ್’ ಎನ್ನುತ್ತಿದ್ದವರು ಎರಡನೇ ಸುತ್ತಿಗೆ ‘ನಿನ್ನ ಎಲ್ಕ್’ ಎನ್ನತೊಡಗಿದರು. ಮೂರನೇ ಸುತ್ತಿಗೆ ಟೆಕ್ಸಾಸಿನವನು ತಾನು ಸಸ್ಯಾಹಾರಿಯಾಗುವುದಾಗಿ ಘೋಷಿಸಿದ.

ಪ್ರಶ್ನೆ: ನಿಮ್ಮ ಕೊಂಬಿನ ಮೇಲೆ ಅವರಿಗೆ ಅಷ್ಟು ಮೋಹ ಯಾಕೆ?

ಎಲ್ಕ್: ನನಗೂ ಅರ್ಥವಾಗಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಅವು ತಾವಾಗಿಯೇ ಉದುರುತ್ತವೆ, ಬೇಸಿಗೆಯಲ್ಲಿ ದಿನಕ್ಕೆ ಅಂಗುಲದಷ್ಟು ಬೆಳೆಯುವುದೂ ಉಂಟು. ನಮಗೆ ಮೂಡಿದ ಕೋಡು ವರ್ಷಕ್ಕೊಮ್ಮೆ ಬೀಳುತ್ತದೆ. ಅದನ್ನು ಗೋಡೆಗೆ ಹೊಡೆದುಕೊಂಡವನಿಗೆ ಮೂಡುವ ಕೋಡು ಬೀಳುವುದೇ ಇಲ್ಲ. ಉದುರಿದ್ದನ್ನು ಹೆಕ್ಕಲೂ ಜನ ಮುಗಿಬೀಳುತ್ತಾರೆ. ಚಳಿಗಾಲದಲ್ಲಿ ಹಸಿದು ನಿಂತ ನಮ್ಮನ್ನು ಓಡಿಸಿಯಾರು ಎಂದು ಪಶ್ಚಿಮ ಭಾಗದ ಸರ್ಕಾರಿ ಕಾಡಿನಲ್ಲಿ ಜನವರಿ 1ರಿಂದ ಏಪ್ರಿಲ್ 30ರವರೆಗೆ ಅದಕ್ಕೂ ನಿಷೇಧ. ನನ್ನ ಕಸಕ್ಕೂ ಕಾವಲು!

ಪ್ರಶ್ನೆ: ಒಂದು ಕಾಲಕ್ಕೆ ನಿಮ್ಮ ವಂಶವೇ ಅಳಿಯುವುದರಲ್ಲಿತ್ತಲ್ಲ?

ಎಲ್ಕ್: 19ನೇ ಶತಮಾನದಲ್ಲಿ ಗಣಿ ಶಿಬಿರಗಳ ಊಟಕ್ಕೆ ನಮ್ಮನ್ನು ಹೊಡೆದೂ ಹೊಡೆದೂ ಮುಗಿಸಿದರು. 1868ರಲ್ಲಿ ನ್ಯೂಯಾರ್ಕಿನಲ್ಲಿ ನಮ್ಮದೇ ಹೆಸರಿನ ಸಂಘ ಹುಟ್ಟಿತು, ಆರ್ಡರ್ ಆಫ್ ಎಲ್ಕ್ಸ್. ನಮ್ಮ ಮೇಲ್ದವಡೆಯ ಹಲ್ಲನ್ನು ಗಡಿಯಾರದ ಸರಪಳಿಗೆ ತೂಗುಹಾಕಿಕೊಳ್ಳುವುದು ಆ ಸದಸ್ಯರ ಗತ್ತು. ಎರಡು ಹಲ್ಲಿಗಾಗಿ ಇಡೀ ಪ್ರಾಣಿಯನ್ನು ಕೊಂದು ಬಿಟ್ಟುಹೋದವರೂ ಇದ್ದರು. ಅಭಿಮಾನಿಗಳಿಂದ ದೇವರೇ ಕಾಪಾಡಬೇಕು. ಕೊನೆಗೆ 1913ರ ಸುಮಾರಿಗೆ ಯೆಲ್ಲೊಸ್ಟೋನ್ ಕಡೆಯಿಂದ ರೈಲಿನಲ್ಲಿ ನಮ್ಮವರನ್ನು ಕರೆತಂದು ಎಸ್ಟೆಸ್ ಪಾರ್ಕ್ ಎಂಬ ಊರಿನ ಬಳಿ ಬಿಟ್ಟರು. ಇವತ್ತು ಕೊಲೊರಾಡೋದಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ಇದ್ದೇವೆ, ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಎಸ್ಟೆಸ್ ಪಾರ್ಕಿನ ನೆಂಟರು ಗಾಲ್ಫ್ ಮೈದಾನದ ಹುಲ್ಲು ಮೇಯ್ದುಕೊಂಡು ಪ್ರವಾಸಿಗರಿಗೆ ಪೋಸು ಕೊಡುತ್ತಾರೆ. ಅವರ ವಿಷಯ ಮಾತಾಡಲು ಇಷ್ಟವಿಲ್ಲ.

ಪ್ರಶ್ನೆ: ನಿಮ್ಮನ್ನು ಉಳಿಸಿದ್ದು ಯಾರು?

ಎಲ್ಕ್: ಹೇಳಲು ನಾಚಿಕೆ, ಇದೇ ಕಿತ್ತಳೆ ಅಂಗಿಯವರು. 1937ರಲ್ಲಿ ಅಮೆರಿಕ ಒಂದು ಕಾಯ್ದೆ ತಂದಿತು: ರೈಫಲ್, ಮದ್ದುಗುಂಡಿನ ಮೇಲಿನ ಶೇಕಡಾ 11ರ ತೆರಿಗೆ ವನ್ಯಜೀವಿಗಳಿಗೇ ಹೋಗಬೇಕು. ಲೈಸೆನ್ಸಿನ ದುಡ್ಡೂ ಅದೇ ಕೆಲಸಕ್ಕೆ. ನನ್ನ ಕಡೆ ಹಾರಿದ ಪ್ರತಿ ಗುಂಡಿನಲ್ಲೂ ನನ್ನ ಹುಲ್ಲುಗಾವಲಿನ ಪಾಲಿದೆ. ಹಾಗಾಗಿ ಗುರಿ ತಪ್ಪುವ ಬೇಟೆಗಾರನೆಂದರೆ ನನಗೆ ಬಲು ಪ್ರೀತಿ.

ಪ್ರಶ್ನೆ: ಈಗ ತೋಳಗಳೂ ಬಂದಿವೆಯಂತೆ?

ಎಲ್ಕ್: 2020ರಲ್ಲಿ ಜನಮತ ನಡೆಯಿತು. ತೋಳ ಬೇಕು ಎಂದು ಹೆಚ್ಚಾಗಿ ಮತ ಹಾಕಿದ್ದು ಡೆನ್ವರ್ ಕಡೆಯ ನಗರವಾಸಿಗಳು. 2023ರ ಡಿಸೆಂಬರಿನಲ್ಲಿ ತಂದು ಬಿಟ್ಟಿದ್ದು ಪರ್ವತದ ಈಚೆ, ನಮ್ಮ ಕಡೆಗೆ. ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ಆದರೂ ತೋಳದ ಬಗ್ಗೆ ತಕರಾರಿಲ್ಲ. ಅದು ಫೋಟೊ ತೆಗೆದುಕೊಳ್ಳುವುದಿಲ್ಲ. ಅದಿರಲಿ, ನಿಮ್ಮ ಕರ್ನಾಟಕದಲ್ಲಿ ಏನು ಸಮಾಚಾರ?

ಪ್ರಶ್ನೆ: ಬಂಡೀಪುರ ಒಂದು ಕಾಲಕ್ಕೆ ಮೈಸೂರು ಮಹಾರಾಜರ ಬೇಟೆಯ ಕಾಡು. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಮ್ಮ ನೆಂಟ ಕಡವೆಯನ್ನು ಹೊಡೆದರೆ ಜೈಲು. ಲೈಸೆನ್ಸಿನ ಮಾತೇ ಇಲ್ಲ.

ಎಲ್ಕ್: ಹಾಗಾದರೆ ಕಡವೆ ನೆಮ್ಮದಿಯಾಗಿರಬೇಕು?

ಪ್ರಶ್ನೆ: ಹುಲಿ ಇದೆ, ಕಳ್ಳಬೇಟೆಯವರ ಉರುಳಿದೆ, ಕಾಡಂಚಿಗೆ ರೆಸಾರ್ಟುಗಳಿವೆ.

ಎಲ್ಕ್: ಆ ಕೊನೆಯದ್ದೇ ನೋಡಿ ನನ್ನ ತಲೆನೋವು. ಚಳಿಗಾಲದಲ್ಲಿ ಇಲ್ಲಿ ಹಿಮ ಎದೆಮಟ್ಟ ಬೀಳುತ್ತದೆ, ನಾವು ಕಣಿವೆಗೆ ಇಳಿಯಲೇಬೇಕು. ಕಣಿವೆಯಲ್ಲಿ ಈಗ ಹೆದ್ದಾರಿ, ಸ್ಕೀ ಊರು, ವರ್ಷದಲ್ಲಿ ಎರಡು ವಾರ ದೀಪ ಉರಿಯುವ ಬಂಗಲೆಗಳು. ಬಂಗಲೆಗೆ ‘ಎಲ್ಕ್ ವ್ಯೂ’ ಎಂದು ಹೆಸರಿಡುತ್ತಾರೆ, ಎಲ್ಕ್ ಬಾರದಂತೆ ಬೇಲಿ ಹಾಕುತ್ತಾರೆ. ಮೇ-ಜೂನ್‌ನಲ್ಲಿ ನಮ್ಮ ಹೆಣ್ಣುಗಳು ಕರು ಹಾಕುವ ಜಾಗಕ್ಕೆ ‘ದಾರಿ ಮುಚ್ಚಿದೆ’ ಎಂದು ಬೋರ್ಡ್ ಹಾಕಿರುತ್ತಾರೆ. ಪ್ರಕೃತಿಪ್ರಿಯರು ಆ ಬೋರ್ಡಿನ ಪಕ್ಕ ಸೆಲ್ಫಿ ತೆಗೆದುಕೊಂಡು, ಸೈಕಲ್ಲು, ನಾಯಿ ಸಮೇತ ಒಳಗೆ ಬರುತ್ತಾರೆ. ಎದ್ದು ಓಡಿದ ತಾಯಿಯ ಹಿಂದೆ ಕರು ಉಳಿಯುವುದು ಕಷ್ಟ. ಇವರ ಕೈಯಲ್ಲಿ ಬಂದೂಕಿಲ್ಲ ನಿಜ. ಆದ್ದರಿಂದಲೇ ಇವರಿಗೆ ಪಾಪಪ್ರಜ್ಞೆಯೂ ಇಲ್ಲ.

ಪ್ರಶ್ನೆ: ಹಾಗಾದರೆ ನಿಮ್ಮ ತೀರ್ಪು?

ಎಲ್ಕ್: ಬರೆದುಕೊಳ್ಳಿ. ಬೇಟೆಗಾರ ದುಡ್ಡು ಕಟ್ಟಿ ಬರುತ್ತಾನೆ, ಸೂರ್ಯ ಮುಳುಗಿ ಅರ್ಧ ಗಂಟೆಗೆ ಬಂದೂಕು ಕೆಳಗಿಡುತ್ತಾನೆ, ಹಂಗಾಮು ಮುಗಿದರೆ ಮನೆಗೆ ಹೋಗುತ್ತಾನೆ. ಬೇಲಿಗೆ ಲೈಸೆನ್ಸೂ ಇಲ್ಲ, ಹಂಗಾಮೂ ಇಲ್ಲ, ಅದು ಗುರಿ ತಪ್ಪುವುದೂ ಇಲ್ಲ.