ಕಣಿಕಿ ಬಂಡಿಯೂ ಥರ್ಮಾಕೋಲ್ ಶನಿಯೂ

ರಾತ್ರಿ ಒಂಬತ್ತು ಗಂಟೆಯ ಮೇಲೆ ಫೋನಿಗೆ ಬರುವ ಸಂದೇಶಗಳಲ್ಲೆಲ್ಲ ಎದೆ ನಡುಗಿಸುವಂಥದ್ದು ಯುಕೆಜಿ ಪೋಷಕರ ಗ್ರೂಪಿನದ್ದು. ‘ನಾಳೆ ಮಕ್ಕಳು ತಾವೇ ಕೈಯಾರೆ ಮಾಡಿದ ಸೌರಮಂಡಲದ ಮಾಡೆಲ್ ತರತಕ್ಕದ್ದು’ ಅಂತ ಒಂದು ಸಾಲು ಬಂದರೆ ಸಾಕು, ಅರ್ಧ ಇಳಿಸಿದ ಶಟರಿನಡಿ ಬಗ್ಗಿ ಸ್ಟೇಷನರಿ ಅಂಗಡಿಗೆ ನುಗ್ಗುವ ಅಪ್ಪಂದಿರನ್ನು ನೋಡಬೇಕು ನೀವು. ಥರ್ಮಾಕೋಲ್ ಚೆಂಡು, ಗ್ಲಿಟರು, ಚಾರ್ಟ್ ಪೇಪರು ಎಲ್ಲ ಮನೆಗೆ ಬರುತ್ತವೆ. ಹನ್ನೊಂದರ ಹೊತ್ತಿಗೆ ಶನಿಗ್ರಹದ ಬಳೆ ಅಂಟದೆ ಗಂಡ ಹೆಂಡಿರಿಗೆ ಮಾತು ನಿಂತಿರುತ್ತದೆ. ಕೈಯಾರೆ ಮಾಡಬೇಕಾಗಿದ್ದ ಮಗು ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿ.

ನಮ್ಮ ಮನೆಯ ಸೌರಮಂಡಲ ಮರುದಿನ ಬೆಳಿಗ್ಗೆ ಕಾಂಪೌಂಡ್ ಗೋಡೆಯ ಮೇಲೆ ಒಣಗುತ್ತಿದ್ದಾಗ ಪಕ್ಕದ ಮನೆ ಆಯಿ ಮೊರ ಹಿಡಿದುಕೊಂಡು ಬಂದರು. ಧಾರವಾಡದ ಈ ಓಣಿಯಲ್ಲಿ ನಮ್ಮಿಬ್ಬರ ಮನೆ ನಡುವೆ ಇರುವುದು ಎದೆಮಟ್ಟದ ಗೋಡೆ. ಕಟ್ಟಿದವನು ಬೇಲಿ ಅಂತ ಕಟ್ಟಿದ, ನಾವು ಟೇಬಲ್ ಮಾಡಿಕೊಂಡಿದ್ದೇವೆ.

“ಏನವಾ ಇದು, ಬೂಂದಿ ಉಂಡಿ?”

“ಗ್ರಹಗಳು ಆಯಿ. ಸ್ಕೂಲಿಗೆ.”

“ಸಾಲಿಗೇನು ಮಾಡ್ತಾರ ಇದನ್ನ? ಆಡತಾರ?”

ಆಡುವುದಿಲ್ಲ. ಮುಟ್ಟುವುದೂ ಇಲ್ಲ. ವಾರ್ಷಿಕೋತ್ಸವದವರೆಗೆ ಗಾಜಿನ ಬೀರುವಿನಲ್ಲಿ ಇಟ್ಟು, ಆಮೇಲೆ ಕಸದ ಗಾಡಿಗೆ ಹಾಕುತ್ತಾರೆ. ನನ್ನ ತಕರಾರೆಲ್ಲ ಇಲ್ಲೇ ಶುರುವಾಗುವುದು. ಐದು ವರ್ಷದ ಮಗುವಿನ ಕೈಯಲ್ಲಿ ಹುಟ್ಟಿದ ವಸ್ತು ತಿರುಗಬೇಕು, ಇಲ್ಲವೇ ಕೂಗಬೇಕು, ತೇಲಬೇಕು, ಉರುಳಬೇಕು. ಸಂಜೆಯೊಳಗೆ ಮುರಿದು ಹೋದರೂ ಅಡ್ಡಿಯಿಲ್ಲ. ಬರೀ ನೋಡುವುದಕ್ಕೆ ಅಂತ ಮಾಡಿದ್ದು ದೊಡ್ಡವರ ಆಟ. ಅದರಲ್ಲಿ ಮಗುವಿಗೆ ಸಿಗುವ ಪಾತ್ರ ‘ಮುಟ್ಟಬೇಡ, ಇನ್ನೂ ಒಣಗಿಲ್ಲ’ ಅನ್ನಿಸಿಕೊಳ್ಳುವುದಷ್ಟೆ.

ಆಯಿಯದು ಮಾತಿಗಿಂತ ಕೈ ಮುಂದು. ಊರಿನಿಂದ ಆಕಳಿಗೆ ಬಂದಿದ್ದ ಕಣಿಕಿಯ ಸೂಡಿನಿಂದ ನಾಲ್ಕು ದಂಟು ಎಳೆದು ತಂದರು. ನಮ್ಮ ಮೈಸೂರು ಕಡೆಯವರಿಗೆ ಹೇಳುವುದಾದರೆ, ತೆನೆ ಕೊಯ್ದ ಮೇಲೆ ಉಳಿಯುವ ಜೋಳದ ದಂಟು. ಗೆಣ್ಣಿನಿಂದ ಗೆಣ್ಣಿಗೆ ಕತ್ತರಿಸಿ, ಮೇಲಿನ ಸಿಪ್ಪೆಯನ್ನು ಉಗುರಿನಲ್ಲಿ ಎಬ್ಬಿಸಿ, ಸರ್ರನೆ ಉದ್ದಕ್ಕೆ ಸುಲಿದರು. ಸಿಪ್ಪೆಯ ಅಂಚು ಬ್ಲೇಡಿನಷ್ಟು ಹರಿತ, ಹಾಗಾಗಿ ಸುಲಿಯುವ ಕೆಲಸ ದೊಡ್ಡವರದ್ದು. ಒಳಗಿನ ಬೆಂಡು ಬೆಳ್ಳಗೆ, ಹಗುರ, ಒತ್ತಿದರೆ ತಗ್ಗುವಂಥದ್ದು. ಬೆಂಡಿನ ತುಂಡಿಗೆ ಸಿಪ್ಪೆಯ ಕಡ್ಡಿಯನ್ನು ಚುಚ್ಚಿದರೆ ಅದು ಅಲ್ಲೇ ಕಚ್ಚಿಕೊಂಡು ಕೂರುತ್ತದೆ. ಅಂಟು ಬೇಡ, ಮೊಳೆ ಬೇಡ, ದಾರವೂ ಬೇಡ. ಚುಚ್ಚುವುದೆಲ್ಲ ಮಕ್ಕಳ ಪಾಲಿಗೆ. ನನ್ನ ಮಗಳೂ ಆಯಿಯ ಮೊಮ್ಮಗನೂ ಸೇರಿ ಅರ್ಧ ತಾಸಿನಲ್ಲಿ ಒಂದು ಬಂಡಿ ಎಬ್ಬಿಸಿದರು. ನೊಗ ಬಂತು, ಮೂಕಿ ಬಂತು, ಬಿಲ್ಲೆಯಾಗಿ ಕೊಯ್ದ ಎರಡು ಗಾಲಿ ಬಂದವು.

ಬಂಡಿ ಎಳೆದರೆ ಒಂದು ಕಡೆ ಏಳುತ್ತದೆ, ಬೀಳುತ್ತದೆ. ಮಗಳು ಅಚ್ಚನ್ನು ಗಾಲಿಯ ನಟ್ಟನಡುವೆ ಚುಚ್ಚದೆ ಒಂದು ಪಕ್ಕಕ್ಕೆ ಚುಚ್ಚಿದ್ದಳು. ನನಗೆ ಹೇಳಿಬಿಡುವ ಆತುರ, ಬಾಯಿ ತೆರೆದೆ. ಆಯಿ ಗೋಡೆಯ ಆಚೆಯಿಂದಲೇ ಕಣ್ಣು ಬಿಟ್ಟರು. “ನೀ ಸುಮ್ಕಿರು. ಕುಂಟತೈತಿ ಅನ್ನೋದು ಆಕಿಗೂ ಕಾಣತೈತಿ.” ಅವಳು ಬಂಡಿಯನ್ನು ತಲೆಕೆಳಗು ಮಾಡಿದಳು, ಗಾಲಿಯನ್ನು ಬೆರಳಲ್ಲಿ ತಿರುಗಿಸಿದಳು, ಇನ್ನೊಂದು ಗಾಲಿಯನ್ನೂ ತಿರುಗಿಸಿದಳು, ಕಡ್ಡಿ ಕಿತ್ತು ಬೇರೆ ಜಾಗಕ್ಕೆ ಚುಚ್ಚಿದಳು. ಆ ಜಾಗವೂ ಸರಿಯಿರಲಿಲ್ಲ. ಗಾಲಿ ಜರಡಿಯಾಗುವ ಹೊತ್ತಿಗೆ ಅಂತೂ ನಡು ಸಿಕ್ಕಿತು. ವೃತ್ತಕ್ಕೆ ಕೇಂದ್ರ ಅಂತ ಒಂದಿರುತ್ತದೆ ಎಂದು ಅವಳಿಗೆ ಹೈಸ್ಕೂಲಿನಲ್ಲಿ ಯಾರಾದರೂ ಹೇಳಿಯಾರು. ಹೇಳಲಿ, ಪಾಪ.

ಇದೇ ಚುಚ್ಚುವ ವಿದ್ಯೆಯನ್ನು ಬೆಂಕಿಕಡ್ಡಿಗೆ ತಂದವರು ಅರವಿಂದ ಗುಪ್ತ. ಕಾನ್ಪುರದ ಐಐಟಿಯಲ್ಲಿ ಇಂಜಿನಿಯರಿಂಗ್ ಓದಿ, ಟೆಲ್ಕೋ ಕಂಪನಿಯಲ್ಲಿ ಟ್ರಕ್ಕುಗಳ ಕೆಲಸ ಮಾಡುತ್ತಿದ್ದವರು 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿಗೆ ಹೋದರು. ಅಲ್ಲಿ 1972ರಿಂದ ಹಳ್ಳಿ ಶಾಲೆಗಳಲ್ಲಿ ಪ್ರಯೋಗ ಮಾಡಿಸಿಯೇ ವಿಜ್ಞಾನ ಕಲಿಸುವ ಕಾರ್ಯಕ್ರಮ ನಡೆಯುತ್ತಿತ್ತು. ಸೈಕಲ್ಲಿನ ವಾಲ್ ಟ್ಯೂಬನ್ನು ಗೇಣುದ್ದ ಕೊಂಡು, ಚಿಕ್ಕ ಚಿಕ್ಕ ತುಂಡು ಮಾಡಿ, ಎರಡೂ ಬದಿಗೆ ಬೆಂಕಿಕಡ್ಡಿ ತೂರಿಸಿದರೆ ಅದೇ ಕೀಲು. ಮದ್ದಿನ ತಲೆಯನ್ನು ಮೊದಲೇ ಕೆರೆದು ತೆಗೆಯಬೇಕು, ಅದು ಅಮ್ಮಂದಿರ ಕೆಲಸ. ಮೂರು ಕಡ್ಡಿ ಸೇರಿಸಿ ತ್ರಿಕೋನ ಮಾಡಿ ಅಮುಕಿ ನೋಡಿ, ಜಪ್ಪಯ್ಯ ಅನ್ನುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಮಾಡಿ ಅಮುಕಿದರೆ ಹಪ್ಪಳದಂತೆ ಒಂದು ಕಡೆ ವಾಲುತ್ತದೆ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಕೊಟ್ಟರೆ ಎರಡು ತ್ರಿಕೋನವಾಗಿ ಮತ್ತೆ ಗಟ್ಟಿ ನಿಲ್ಲುತ್ತದೆ. ಆ ಅಡ್ಡ ಕಡ್ಡಿ ಮಿಕ್ಕ ನಾಲ್ಕಕ್ಕಿಂತ ಉದ್ದ ಇರಬೇಕು ಅನ್ನುವುದು ಮಕ್ಕಳಿಗೆ ತಾವಾಗಿಯೇ ತಿಳಿಯುತ್ತದೆ, ಏಕೆಂದರೆ ಇಲ್ಲದಿದ್ದರೆ ಅದು ಮುಟ್ಟುವುದೇ ಇಲ್ಲ. ರೈಲ್ವೆ ಸೇತುವೆಯಲ್ಲಿ ಅಷ್ಟೊಂದು ತ್ರಿಕೋನ ಯಾಕೆ ಎಂದು ನನ್ನ ಗಂಡ ಮಗಳಿಗೆ ಪಾಠ ಶುರು ಮಾಡಿದ್ದರು. ಅವಳು ಅಷ್ಟರಲ್ಲಿ ಆ ಚೌಕವನ್ನು ನಾಯಿ ಮಾಡಿ ಓಡಿಸುತ್ತಿದ್ದಳು. ಗುಪ್ತ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಮಾಡಿದ ಆಟಿಕೆಗಳನ್ನು ಪೇಟೆಂಟು ಗೀಟೆಂಟು ಅನ್ನದೆ ಎಲ್ಲರಿಗೂ ಬಿಟ್ಟುಕೊಟ್ಟರು ಅನ್ನುವುದು ನನಗೆ ಪದ್ಮಶ್ರೀಗಿಂತ ದೊಡ್ಡದು.

ಆಯಿಗೆ ಕಣಿಕಿಯ ಬಗ್ಗೆ ಎಷ್ಟು ಜಂಬವೋ ನನಗೆ ತೆಂಗಿನ ಗರಿಯ ಬಗ್ಗೆ ಅಷ್ಟೇ ಜಂಬ. ತಿಪಟೂರಿನವಳು ನಾನು, ಗರಿ ಬಿದ್ದ ಸದ್ದಿಗೆ ಬಾಲ್ಯದಲ್ಲಿ ಓಡಿದವಳು. ಕಡ್ಡಿ ಸೀಳಿ ತೆಗೆದ ಗರಿಯನ್ನು ಕೋನದಂತೆ ಸುತ್ತುತ್ತ ಹೋಗಿ, ತುದಿಗೆ ಅದೇ ಕಡ್ಡಿಯ ಚೂರು ಚುಚ್ಚಿ, ಸಣ್ಣ ಬಾಯಲ್ಲಿ ಪುಟ್ಟದೊಂದು ನಾಲಗೆ ಇಟ್ಟು ಊದಿದರೆ ಪೀಪಿ. ಎರಡು ಪಟ್ಟಿಯನ್ನು ಒಂದರೊಳಗೊಂದು ತೂರಿಸಿ ಬಿಗಿದು ಪೊರಕೆ ಕಡ್ಡಿಗೆ ಸಿಕ್ಕಿಸಿಕೊಂಡು ಓಡಿದರೆ ಗಿರಿಗಿಟ್ಲೆ. ವಾಚು, ಕನ್ನಡಕ, ಹಾವು ಎಲ್ಲ ಇದರ ಮೇಲೆ. ಇಷ್ಟನ್ನೂ ಕೇಳಿದ ಆಯಿ, “ಕನ್ನಡಕ ಕಣಿಕ್ಯಾಗೂ ಆಗತೈತಿ, ಅದೇನ್ ಹೆಚ್ಚಿಂದು” ಅಂದು ಮಾತು ಮುಗಿಸಿದರು. ಪೀಪಿಯ ವಿಷಯ ಮಾತ್ರ ಎತ್ತಲಿಲ್ಲ. ಕಣಿಕಿಯಲ್ಲಿ ಪೀಪಿ ಆಗುವುದಿಲ್ಲ, ನನಗೂ ಗೊತ್ತು, ಅವರಿಗೂ ಗೊತ್ತು.

ಮಣ್ಣಿನ ವಿಷಯಕ್ಕೆ ಬಂದರೆ ನಾನು ಸೋತೆ ಅಂತ ಒಪ್ಪಲೇಬೇಕು. ಈ ಕಡೆಯ ಹಬ್ಬಗಳನ್ನು ಸಾಲಾಗಿ ಇಟ್ಟು ನೋಡಿ. ಕಾರ ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಜೋಡೆತ್ತು ಮಾಡಬೇಕು, ಅವು ಮೇಯುವುದಕ್ಕೆ ಗ್ವಾದಲಿ ಮಾಡಬೇಕು. ಆಷಾಢದ ಮಂಗಳವಾರಗಳಿಗೆ ಹೆಣ್ಣುಮಕ್ಕಳ ಗುಳ್ಳವ್ವ, ಮೈತುಂಬ ಕುಸುಬಿ ಕಾಳು ಚುಚ್ಚಿ ಸಿಂಗಾರ. ಶ್ರಾವಣ ಬಂದರೆ ಪಂಚಮಿಯ ನಾಗಪ್ಪ, ಭಾದ್ರಪದಕ್ಕೆ ಗಣಪ್ಪ. ಮಳೆ ಬಿದ್ದು ಮಣ್ಣು ಹದವಾಗಿರುವ ತಿಂಗಳುಗಳಿಗೆ ಸರಿಯಾಗಿ ಹೊಂದಿಸಿಟ್ಟ ಪಠ್ಯಕ್ರಮ ಇದು. ಯಾವ ಶಿಕ್ಷಣ ಇಲಾಖೆ ಮಾಡಿದ್ದೋ! ಈಗ ಪೇಟೆಯಲ್ಲಿ ಕುಂಬಾರರಿಂದ ಜೋಡಿ ಎತ್ತು ಕೊಂಡು ಜಗಲಿಗೆ ಇಟ್ಟು ಕೈ ತೊಳೆದುಕೊಳ್ಳುವವರೇ ಹೆಚ್ಚು. ಕುಂಬಾರರಿಗೂ ನಾಲ್ಕು ಕಾಸು ಆಗಬೇಕು, ಸರಿ. ಒಂದು ಜೊತೆ ಕೊಳ್ಳಿ, ಇನ್ನೊಂದು ಜೊತೆಗೆ ಮಕ್ಕಳ ಮುಂದೆ ಮಣ್ಣು ಸುರಿಯಿರಿ.

ನಮ್ಮ ಮಗಳ ಮೊದಲ ಎತ್ತಿಗೆ ಊದುಬತ್ತಿಯಂಥ ನಾಲ್ಕು ಕಾಲು. ನಿಲ್ಲಿಸಿದ ಕೂಡಲೇ ಹೊಟ್ಟೆ ಊರಿ ಮಲಗಿತು. “ದಣದೈತಿ, ಮಕ್ಕೊಳ್ಳಿ” ಅಂದರು ಆಯಿ. ಎರಡನೆಯದಕ್ಕೆ ಕಾಲು ಮೋಟಾದವು, ದಪ್ಪ ಆದವು, ಎತ್ತು ನಿಂತಿತು. ಆಮೇಲೆ ಕೋಡಿನ ತಾಪತ್ರಯ. ಬೇರೆ ಮಾಡಿ ಅಂಟಿಸಿದ ಕೋಡು ಒಣಗುತ್ತಲೇ ಉದುರುತ್ತದೆ. ಆಯಿ ಈ ಸಲ ಬಾಯಿಂದ ಹೇಳದೆ ತಮ್ಮದೊಂದು ಮುದ್ದೆ ತೆಗೆದುಕೊಂಡು, ತಲೆಯ ಮಣ್ಣನ್ನೇ ಚಿವುಟಿ ಮೇಲಕ್ಕೆ ಎಳೆದು ಕೋಡು ತೆಗೆದು ತೋರಿಸಿದರು. ಎರಿ ಮಣ್ಣು ಒಣಗುವಾಗ ಹೊಲ ಬಿರಿದಂತೆ ಬಿರಿಯುತ್ತದೆ, ಒಂದು ಹಿಡಿ ಉಸುಕು ಬೆರೆಸಿದರೆ ಬಿರುಕು ಕಡಿಮೆ. ಎತ್ತಿನ ಕಣ್ಣಿಗೆ ಗುಲಗಂಜಿ ಬೇಕು ಅಂತ ಹಟ ಹಿಡಿದರೆ ಮಾತ್ರ ನಾನು ಒಪ್ಪುವುದಿಲ್ಲ. ಅದು ನೋಡುವುದಕ್ಕೆ ಎಷ್ಟು ಚಂದವೋ, ಅಗಿದು ನುಂಗಿದರೆ ಅಷ್ಟೇ ವಿಷ. ಮೆಣಸಿನ ಕಾಳು ಸಾಕು, ಬಾಯಿಗೆ ಹಾಕಿಕೊಂಡರೆ ತಾನಾಗಿಯೇ ಉಗುಳುತ್ತಾರೆ.

ಆನ್‌ಲೈನಿನಲ್ಲಿ ‘ಪರಿಸರಸ್ನೇಹಿ ಮಣ್ಣಿನ ಕಿಟ್’ ಅಂತ ಬರುತ್ತದಲ್ಲ, ಅದನ್ನು ನನ್ನ ತಂಗಿ ಕಳಿಸಿದ್ದಳು. ಮೂರು ಸುತ್ತು ಪ್ಲಾಸ್ಟಿಕ್ಕು ಬಿಚ್ಚಿದ ಮೇಲೆ ಒಂದು ಮುಷ್ಟಿ ಮಣ್ಣು. ಆಯಿಗೆ ಬೆಲೆ ಹೇಳಲಿಲ್ಲ, ವಯಸ್ಸಾದವರು.

ಇದೆಲ್ಲ ಹಳ್ಳಿಗರ ಹಳೇ ಚಾಳಿ, ಸ್ಕೂಲಿನಲ್ಲಿ ನಡೆಯುವುದಿಲ್ಲ ಅನ್ನುವವರಿದ್ದಾರೆ. ಯುಕೆಜಿಯ ಕೊನೆಯ ಎರಡು ಅಕ್ಷರ ಬಂದಿರುವ ಕಿಂಡರ್‌ಗಾರ್ಟನ್ ಅನ್ನೇ ತೆಗೆದುಕೊಳ್ಳಿ. ಜರ್ಮನಿಯ ಫ್ರೊಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಆ ಹೆಸರು ಇಟ್ಟರು. ಅಲ್ಲಿ ಮಕ್ಕಳಿಗೆ ಕೊಟ್ಟ ಕೆಲಸ ಕಾಗದ ಮಡಚುವುದು, ಪಟ್ಟಿ ಹೆಣೆಯುವುದು, ಮಣ್ಣು ಮೆತ್ತುವುದು, ಕಡ್ಡಿ ಜೋಡಿಸುವುದು. ನಮ್ಮಲ್ಲೇ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಶುರುವಾಯಿತು. ನನ್ನ ನಾದಿನಿ ಅಂಥ ಒಂದು ತರಗತಿಯ ಟೀಚರು. ತಲೆಯ ಮೇಲೆ ಅಡ್ಡಡ್ಡ ದಾರ ಕಟ್ಟಿರುತ್ತಾರೆ, ಚಪ್ಪರ ಅನ್ನುತ್ತಾರೆ ಅದಕ್ಕೆ. ಮಕ್ಕಳು ಬರೆದದ್ದು, ಕತ್ತರಿಸಿದ್ದು, ಸೊಟ್ಟಗೆ ಅಂಟಿಸಿದ್ದು ಎಲ್ಲವೂ ಅಲ್ಲಿ ನೇತಾಡುತ್ತಿರುತ್ತದೆ. ನಾನು ಹೋದಾಗ ಐದು ಕಾಲಿನ ಹಸುವೊಂದು ನೇತಾಡುತ್ತಿತ್ತು. ಯಾವ ಅಪ್ಪನೂ ಅದನ್ನು ಮಾಡಿರಲಿಕ್ಕಿಲ್ಲ ಅಂತ ನೋಡಿದ ತಕ್ಷಣ ಸಮಾಧಾನವಾಯಿತು.

ಲೆಕ್ಕದ ವಿಷಯವನ್ನು ಗೋಡೆಯ ಮೇಲೆಯೇ ಇತ್ಯರ್ಥ ಮಾಡಿದ್ದು ಹುಣಸೆ ಬೀಜ. ಬೀಜ ಸೀಳಿ, ಒಳಮೈಯನ್ನು ಕಲ್ಲಿಗೆ ತಿಕ್ಕಿ ನಯ ಮಾಡಿದರೆ ಒಂದು ಬದಿ ಬಿಳಿ, ಒಂದು ಬದಿ ಕಪ್ಪು. ನಾಲ್ಕು ಹೋಳು ಸಾಕು ಚೌಕಾಬಾರಕ್ಕೆ. ನಾಲ್ಕೂ ಬೆಳ್ಳಗೆ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಗೆ ಬಿದ್ದರೆ ಎಂಟು. ವರ್ಕ್‌ಬುಕ್ಕಿನಲ್ಲಿ ಮೂರು ಸೇಬನ್ನು ಬೆರಳಿಟ್ಟು ಎಣಿಸುವ ಮಗಳು ಇಲ್ಲಿ ಕಣ್ಣು ಹಾಯಿಸಿದ್ದೇ ‘ಮೂರು’ ಅನ್ನುತ್ತಾಳೆ. ಎದುರಿನವನ ಕಾಯಿ ಹೊಡೆಯುವುದಕ್ಕೆ ಇನ್ನೆಷ್ಟು ಬೇಕು ಅಂತ ಕೂಡಿ ಕಳೆಯುವುದೂ ಬಂದಿದೆ, ಹೊಡೆಯುವ ಆಸೆ ಅಂಥದ್ದು. ಬೀಜ ತಿಕ್ಕುವಾಗ ಬಿಸಿಯಾಗುತ್ತದೆ ಅನ್ನುವುದನ್ನು ಆಯಿಯ ಮೊಮ್ಮಗ ಕಂಡುಹಿಡಿದ. ಬಿಸಿ ಬೀಜವನ್ನು ಹಿಂದಿನಿಂದ ಬಂದು ನನ್ನ ಮಗಳ ತೋಳಿಗೆ ಮುಟ್ಟಿಸಿದ. ಘರ್ಷಣೆ ಅಂದರೆ ಏನು ಅನ್ನುವುದು ಆ ದಿನ ಇಡೀ ಓಣಿಗೆ ಕೇಳಿಸಿತು. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಈ ಬೀಜ, ಗುಂಡಿ, ಮಣಿ ಯಾವುದೂ ನೆಲದ ಮೇಲೆ ಬಿದ್ದಿರಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಆಟಿಕೆಯೊಳಗಿನ ಬಿಲ್ಲೆ ಬ್ಯಾಟರಿಗಂತೂ ದಯೆ ದಾಕ್ಷಿಣ್ಯ ಬೇಡ.

ಕೊನೆಗೆ ಗೋಡೆಯ ಶಾಂತಿ ಕದಡಿದ್ದು ಅರಿಶಿನ. ಒಂದು ಚಮಚ ಅರಿಶಿನವನ್ನು ನೀರಲ್ಲಿ ಕಲಸಿ ಬಿಳಿ ಹಾಳೆಗೆ ಬಳಿದು ಒಣಗಿಸಿದೆ. ಸೋಪಿನ ನೀರಿಗೆ ಹತ್ತಿ ಅದ್ದಿ ಅದರ ಮೇಲೆ ಎಳೆದರೆ ಕೆಂಪು ಗೆರೆ. ನಿಂಬೆರಸ ಹಾಕಿದರೆ ಮತ್ತೆ ಹಳದಿ. ಆರತಿಯ ಕೆಂಪು ನೀರಿಗೆ ಅರಿಶಿನದ ಜೊತೆ ಸುಣ್ಣ ಬೆರೆಸುತ್ತೇವಲ್ಲ, ಅದೇ ಗುಟ್ಟು. ನಾನು ಹೂವೋ ಚಿಟ್ಟೆಯೋ ಬರೆಯುತ್ತಾರೆ ಅಂದುಕೊಂಡಿದ್ದೆ. ಇಬ್ಬರೂ ಹಾಳೆಯನ್ನು ಚೂರು ಚೂರು ಮಾಡಿಕೊಂಡು ಮನೆ ಮನೆ ತನಿಖೆಗೆ ಹೊರಟರು. ಮಜ್ಜಿಗೆ ಹಳದಿಯೇ, ಹುಣಸೆ ನೀರು ಹಳದಿಯೇ, ಬಚ್ಚಲ ಒಲೆಯ ಬೂದಿ ನೀರು ಕೆಂಪು, ಬಟ್ಟೆ ಸೋಪು ಕೆಂಪು, ಅಪ್ಪನ ಶೇವಿಂಗ್ ಕ್ರೀಮೂ ಕೆಂಪು. ಮಗಳು ಒಂದೊಂದರ ಹೆಸರಿನ ಮುಂದೆ ಬಣ್ಣದ ಚುಕ್ಕೆ ಇಡುತ್ತಿದ್ದಳು. ಹೆಸರು ಬರೆಯಲು ಬಾರದ ಕಡೆ ಚಿತ್ರ. ಹೀಗೆ ಹೋಗಿ ಹೋಗಿ ತನಿಖೆ ಆಯಿಯ ಎಲೆ ಅಡಿಕೆ ಚೀಲಕ್ಕೆ ಬಂತು.

“ಏ, ಸುಣ್ಣದ ಡಬ್ಬಿ ಮುಟ್ಟಬ್ಯಾಡ! ಕಣ್ಣಾಗ ಹೋದ್ರ ಕಣ್ಣ ಹೋಗತಾವು!” ಆಯಿ ಡಬ್ಬಿಯನ್ನು ಕಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದರು. ನಾನೂ ನಾಲ್ಕು ಮಾತು ಬೈದೆ. ಮಕ್ಕಳು ಮುಖ ಊದಿಸಿಕೊಂಡು ಕೂತರು. ಸ್ವಲ್ಪ ಹೊತ್ತಾದ ಮೇಲೆ ಗೋಡೆಯ ಆಚೆಯಿಂದ ಒಂದು ಕೈ ಈಚೆಗೆ ಬಂತು.

“ಹಾಳಿ ಕೊಡ್ರಿ ಇಲ್ಲೆ. ನಾನs ಹಚ್ಚಿ ನೋಡ್ತೀನಿ.”