ಹಾಡು ಹ್ಯಾಂಗ ಆತು? ಹ್ಯಾಂಗ್ ಆತು!

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಯಾವ ಊರಿಗಾದರೂ ಹೋಗಿ, ಬಸ್‌ಸ್ಟ್ಯಾಂಡಿನ ಆಸುಪಾಸು ಗೊಬ್ಬರದಂಗಡಿಯೋ ಮೊಬೈಲ್ ಅಂಗಡಿಯೋ ಇದ್ದು, ಅದರ ಮೇಲೊಂದು ಕೋಣೆ ಇರುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ, ಬಾಗಿಲಿಗೆ ಅಜ್ಜಿ ಹೊಲಿದ ಕೌದಿ. ಎರಡೂ ಸದ್ದು ಹೀರಲಿಕ್ಕೆ. ಮಾನಿಟರಿನ ಮೇಲೆ ಪುಟ್ಟರಾಜ ಗವಾಯಿಗಳ ಫೋಟೊ. ಗವಾಯಿಗಳು ಹುಟ್ಟಿದ್ದು ಇದೇ ಹಾನಗಲ್ ತಾಲ್ಲೂಕಿನಲ್ಲಿ, 1914ರಲ್ಲಿ. ಹಾಗಾಗಿ ಫೋಟೊಕ್ಕೆ ಊದುಬತ್ತಿ ಬೆಳಗದೆ ಪ್ರಾಜೆಕ್ಟ್ ತೆರೆಯುವುದಿಲ್ಲ. ಫೋಟೊದ ಕೆಳಗೆ ಆಯುಧಪೂಜೆಯ ಕುಂಕುಮ ಇನ್ನೂ ಮಾಸದ ಸಿಪಿಯು. ಅದರೆದುರು ಹೆಡ್‌ಫೋನನ್ನು ಟವೆಲಿನಂತೆ ಹೆಗಲಿಗಿಳಿಸಿಕೊಂಡು ಕೂತವನೇ ಸ್ಟುಡಿಯೋ ಅಣ್ಣ.

ಫೋನು ಬರುತ್ತದೆ. "ಅಣ್ಣಾ, ಹಾಡು ಹ್ಯಾಂಗ ಆತು?"

"ಹ್ಯಾಂಗ್ ಆತು."

"ಅದನ್ನ ಕೇಳಾಕತ್ತೀನಿ, ಹ್ಯಾಂಗ ಆತು?"

"ಅದನ್ನ ಹೇಳಾಕತ್ತೀನಿ, ಹ್ಯಾಂಗ್ ಆತು!"

ಈ ನಾಲ್ಕೂ ಊರಿರುವ ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಅದೇ ವರ್ಷ ಬೆಲ್ಜಿಯಂನಲ್ಲಿ ಫ್ರೂಟಿಲೂಪ್ಸ್ ಎಂಬ, ಸಂಗೀತ ಕೂಡಿಸುವ ತಂತ್ರಾಂಶ ಹುಟ್ಟಿತು, ಈಗ ಅದರ ಹೆಸರು ಎಫ್‌ಎಲ್ ಸ್ಟುಡಿಯೋ. ಅದೇ ವರ್ಷ ಅಮೆರಿಕದಲ್ಲಿ ಶ್ರುತಿ ತಿದ್ದುವ ಆಟೋ-ಟ್ಯೂನ್ ಹುಟ್ಟಿತು. ಅದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ಭೂಮಿಯೊಳಗೆ ಹಾಯ್ದು ಬಂದ ಅಲೆಗಳನ್ನು ಲೆಕ್ಕ ಹಾಕಿ ತೈಲ ಹುಡುಕುವ ಕೆಲಸದಲ್ಲಿದ್ದವರು. ತೈಲ ಹುಡುಕುತ್ತಿದ್ದ ಗಣಿತವೇ ಈಗ ಹಿರೇಕೆರೂರಿನಲ್ಲಿ ಹೋರಿ ಹಾಡು ಹಾಡುವ ಹುಡುಗನ ಕಳೆದುಹೋದ ಶ್ರುತಿ ಹುಡುಕುತ್ತದೆ. ತೈಲ ಸಿಗುವುದು ಸುಲಭ ಎನ್ನುತ್ತಾನೆ ಅಣ್ಣ.

ಅವನ ಸುಗ್ಗಿ ಹೋರಿ ಹಬ್ಬದ್ದು. ಬಲಿಪಾಡ್ಯಮಿಗೆ ಶುರುವಾದರೆ ತಿಂಗಳುಗಟ್ಟಲೆ ಊರೂರಲ್ಲಿ ಹೋರಿ ಓಡುತ್ತವೆ. ಕೊಬ್ಬರಿ ಹಾರ, ಬಲೂನು, ರಿಬ್ಬನ್ ಕಟ್ಟಿಕೊಂಡು ಅಖಾಡಕ್ಕಿಳಿಯುವ ಹೋರಿಗೆ ಅಭಿಮಾನಿ ಬಳಗ ಬೇಕು, ಬಳಗಕ್ಕೆ ಹಾಡು ಬೇಕು. ಹಾಡಿನಲ್ಲಿ ಹೋರಿಯ ಹೆಸರು ಹನ್ನೆರಡು ಸಲ, ಮಾಲಕನದು ಆರು ಸಲ, ಡಾಲ್ಬಿ ಕೊಡಿಸಿದವನದು ಕೊನೆಗೊಮ್ಮೆ. ಇದಿಷ್ಟೂ ನಾಳೆ ಮುಂಜಾನೆಗೆ!

ಜಾನಪದ ವಿಶ್ವವಿದ್ಯಾಲಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಇದೆ. ಅಲ್ಲಿಯ ಯಾರಾದರೊಬ್ಬರು ಇವನ ಮೇಲೊಂದು ಪಿಎಚ್‌ಡಿ ಮಾಡಬೇಕು.

ಒಮ್ಮೆ ಶಿಶುನಾಳದ ಕಡೆಯ ತತ್ವಪದದ ಅಜ್ಜ ಏಕತಾರಿ ಹಿಡಿದು ಬಂದ. ಫ್ಯಾನ್ ಆರಿಸಿ, ಕೌದಿ ಎಳೆದು, ಕಿವಿಗೆ ಹೆಡ್‌ಫೋನ್ ಇಟ್ಟರು. ಅಜ್ಜ ಒಂದು ಸಾಲು ಹಾಡಿ ನಿಲ್ಲಿಸಿದ.

"ತಮ್ಮಾ, ನನ್ನ ದನಿ ನನ್ನ ಬೆನ್ನ ಹಿಂದ ಬರಾಕತ್ತೈತಿ. ಒಳಗ ಯಾರ ಅದಾರು?"

ಒಳಗಿದ್ದದ್ದು ಬಫರ್. ಕಂಪ್ಯೂಟರು ದನಿಯನ್ನು ಸೆಕೆಂಡಿಗೆ 44,100 ಚೂರು ಮಾಡುತ್ತದೆ. ಒಂದು ಬುಟ್ಟಿ ತುಂಬಿದ ಮೇಲೆಯೇ ಮುಂದಕ್ಕೆ ಕಳಿಸುತ್ತದೆ. ಬುಟ್ಟಿಗೆ 1024 ಚೂರು ಎಂದಿಟ್ಟರೆ ತುಂಬಲು ಸುಮಾರು 23 ಮಿಲಿಸೆಕೆಂಡು. ಹೋಗಿ ಬರುವಷ್ಟರಲ್ಲಿ ಅದರ ಇಮ್ಮಡಿ. ದಮ್ಮಡಿಯ ಪೆಟ್ಟಿಗೆ ಪದ ಕೂರಿಸುವ ಅಜ್ಜನ ಕಿವಿಗೆ ಅಷ್ಟು ಸಾಕು. ಅಣ್ಣ ಬುಟ್ಟಿಯನ್ನು 128ಕ್ಕಿಳಿಸಿದ. ಈಗ ಮೂರೇ ಮಿಲಿಸೆಕೆಂಡು. ಅಜ್ಜನ ದನಿ ಬೆನ್ನಿಂದ ಬಾಯಿಗೆ ಬಂತು. ಆದರೆ ಹಳೇ ಪ್ರೊಸೆಸರಿಗೆ ಅಷ್ಟು ಲಗುಲಗು ಬುಟ್ಟಿ ಎತ್ತಲಾಗದೆ ಚಟ್ ಚಟ್ ಎನ್ನತೊಡಗಿತು. ಕೇಳಿದರೆ, ಅಜ್ಜ ಹಾಡುವಾಗ ಪಕ್ಕದಲ್ಲಿ ಯಾರೋ ಕೂತು ಸವಣೂರಿನ ಖಾರಾ ಮೆಲ್ಲುತ್ತಿದ್ದಾರೆ. ಕೊನೆಗೆ ಅಜ್ಜನೇ ಹೆಡ್‌ಫೋನ್ ತೆಗೆದಿಟ್ಟು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹಾಡಿ ಮುಗಿಸಿದ. ಟೇಕ್ ಚಲೋ ಬಂತು. ನಡುವೆ ಒಮ್ಮೆ ಕರೆಂಟು ಹೋಗಿ ಯುಪಿಎಸ್ ಕುಂಯ್ ಎಂದದ್ದೂ ಅದರಲ್ಲಿದೆ, ತೆಗೆಯಲು ಬರಲಿಲ್ಲ.

ನಾಲ್ಕು ಊರಿನ ಅಣ್ಣಂದಿರು ಒಬ್ಬರಿಗೊಬ್ಬರು ಬೇಕಾದವರೇ. ಆದರೆ ನಾಲ್ವರ ಬಳಿಯೂ ಕ್ಯೂಬೇಸ್ ಎಂಬ ರೆಕಾರ್ಡಿಂಗ್ ತಂತ್ರಾಂಶದ ಬೇರೆ ಬೇರೆ ಆವೃತ್ತಿ. ಹಾನಗಲ್‌ನಲ್ಲಿ ಕೂಡಿಸಿದ ಹಾಡು ಮಿಕ್ಸಿಂಗಿಗೆಂದು ಪೆನ್‌ಡ್ರೈವಿನಲ್ಲಿ, ಬೈಕಿನ ಮೇಲೆ ಸವಣೂರಿಗೆ ಹೋಗುತ್ತದೆ. ಅಲ್ಲಿ ತೆರೆದರೆ ಡೊಳ್ಳು ಇದೆ, ಸನಾದಿ ಮಾಯ. ಸನಾದಿ ಇದ್ದದ್ದು ತಂತ್ರಾಂಶಕ್ಕೆ ಜೋಡಿಸುವ ಹಳೆಯ 32 ಬಿಟ್ ಪ್ಲಗಿನ್ನಿನಲ್ಲಿ. ಕ್ಯೂಬೇಸ್ ತನ್ನ 9ನೇ ಆವೃತ್ತಿಯಲ್ಲಿ, 2016ರಲ್ಲೇ, ಅಂಥವನ್ನು ಕೈಬಿಟ್ಟಿದೆ. ಸವಣೂರಿನವ ಸನಾದಿಯ ಜಾಗಕ್ಕೆ ಪಿಯಾನೋ ಹಾಕುತ್ತಾನೆ. ಪಿಯಾನೋ ಕೇಳಿ ಯಾವ ಹೋರಿ ಓಡೀತು?

ಇನ್ನು ದುಡ್ಡಿನ ಮಾತು. 2023ರ ಮಾರ್ಚಿನಲ್ಲಿ ಇಸ್ರೇಲಿನ ವೇವ್ಸ್ ಕಂಪನಿ, ಇನ್ನು ಪ್ಲಗಿನ್ ಮಾರುವುದಿಲ್ಲ, ಬಾಡಿಗೆಗೆ ಮಾತ್ರ ಕೊಡುತ್ತೇವೆ ಎಂದು ಸಾರಿತು. ಜಗತ್ತಿನ ಸೌಂಡ್ ಎಂಜಿನಿಯರುಗಳೆಲ್ಲ ರೊಚ್ಚಿಗೆದ್ದರು. ಕೆಲವೇ ದಿನಗಳಲ್ಲಿ ಕಂಪನಿ ಮಣಿದು ಮಾರಾಟವನ್ನು ಮರಳಿ ತಂದಿತು. ಆ ದಿನಗಳಲ್ಲಿ ನಮ್ಮ ಅಣ್ಣನಷ್ಟು ಸಿಟ್ಟಾದವರು ಇನ್ನೊಬ್ಬರಿರಲಿಕ್ಕಿಲ್ಲ. "ಎತ್ತು ನಂದು, ಹೊಲ ನಂದು, ನೊಗಕ್ಕ ಮಾತ್ರ ತಿಂಗಳಾ ಬಾಡಿಗಿ ಕೊಡು ಅಂದ್ರ ಹ್ಯಾಂಗ್ರಿ?" ಎಂದು ಚಹಾದಂಗಡಿಯಲ್ಲಿ ಎರಡು ದಿನ ಭಾಷಣ ಮಾಡಿದ. ಅವನ ಹತ್ತಿರವಿದ್ದ ನೊಗ ಕ್ರ್ಯಾಕ್ ಮಾಡಿದ್ದು, ಹುಬ್ಬಳ್ಳಿಯ ಗೆಳೆಯನ ಹಾರ್ಡ್‌ಡಿಸ್ಕಿನಿಂದ ಇಳಿಸಿಕೊಂಡದ್ದು. ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಅವನ ಕಂಪ್ಯೂಟರು ಹ್ಯಾಂಗ್ ಆಗುವುದರಲ್ಲಿ ಅರ್ಧ ಪಾಲು ಈ ಕ್ರ್ಯಾಕಿನದೇ ಎಂದು ಮೊಬೈಲ್ ಅಂಗಡಿಯ ಹುಡುಗನೂ ಹೇಳುತ್ತಾನೆ. ಅಣ್ಣ ಮಾತ್ರ ಕಂಪನಿಯನ್ನೇ ಬೈಯುತ್ತಾನೆ.

ಅಂಥವನೂ ಒಮ್ಮೆ ದುಡ್ಡು ಕೊಟ್ಟು ಕೊಂಡ. ಕ್ರ್ಯಾಕು ಕೈಕೊಟ್ಟಿದ್ದ ವಾರ, ಎಫ್‌ಎಲ್ ಸ್ಟುಡಿಯೋದ ಪುಕ್ಕಟೆ ಟ್ರಯಲ್ ಇಳಿಸಿಕೊಂಡು ತೀರಿಹೋದ ಹೋರಿಯೊಂದರ ಸ್ಮರಣೆಯ ಹಾಡು ಕೂಡಿಸಿದ. ಸೇವ್ ಮಾಡಿದ. ಉಂಡು ಬಂದು ನೋಡಿದರೆ ತೆರೆಯಲೊಲ್ಲದು. ಆ ಟ್ರಯಲ್ಲಿನ ಕರಾರೇ ಹಾಗೆ: ಹಗೇವಿಗೆ ಜೋಳ ಸುರಿಯಬಹುದು, ತೆಗೆಯುವುದಕ್ಕೆ ಕೀಲಿ ಕೊಳ್ಳಬೇಕು. ಕೆಳಗೆ ಹೋರಿಯ ಮಾಲಕ ಬ್ಯಾನರ್ ಹಿಡಿದು ಅಳುತ್ತ ನಿಂತಿದ್ದ. ರಾತ್ರಿ ಹತ್ತೂವರೆಗೆ ಷಡ್ಡಕನ ಕಾರ್ಡಿನಿಂದ ಅಣ್ಣ ಕೀಲಿ ಕೊಂಡ.

ಮರುದಿನದಿಂದ ಅವನ ನಡಿಗೆಯೇ ಬೇರೆ. ಒಮ್ಮೆ ಕೊಂಡರೆ ಬಾಳಿನುದ್ದಕ್ಕೂ ಅಪ್‌ಡೇಟ್ ಪುಕ್ಕಟೆ, ಇದು ಆ ಕಂಪನಿಯ ಹಳೇ ವಚನ. ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ. ಪುಕ್ಕಟೆ ಅಪ್‌ಡೇಟ್ ಬಂತು ಕೂಡ. ಹಾಕಹೋದರೆ ಅವನ ವಿಂಡೋಸ್ 7ರ ಮೇಲೆ ಕೂರಲಿಲ್ಲ. ಅದಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಕೈ ಮುಗಿದಿದೆ. ಹೊಸ ವಿಂಡೋಸ್ ಹಾಕಿದರೆ ರ‍್ಯಾಮ್ ಸಾಲದು, ರ‍್ಯಾಮ್ ಹಾಕಹೋದರೆ ಮದರ್‌ಬೋರ್ಡ್ ಒಲ್ಲೆನ್ನುತ್ತದೆ. ಪುಕ್ಕಟೆ ಅಪ್‌ಡೇಟಿಗಾಗಿ ಅವನೀಗ ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದಾನೆ. ಉದ್ದೇಶ ಎಂಬಲ್ಲಿ "ಹೈನುಗಾರಿಕೆ" ಎಂದು ಬರೆದಿದ್ದಾನಂತೆ.

ನಿಮ್ಮ ಹೋರಿಗೂ ಬಲಿಪಾಡ್ಯಮಿಗೆ ಹಾಡು ಬೇಕಿದ್ದರೆ ಶೀಗಿ ಹುಣ್ಣಿಮೆಗೇ ಅವನ ಮೆಟ್ಟಿಲು ಹತ್ತಿ. ಪೆನ್‌ಡ್ರೈವ್ ಒಯ್ಯಿರಿ, ಹಾಡಿದ್ದನ್ನು ಅಂದೇ ವೇವ್ ಫೈಲ್ ಮಾಡಿಸಿ ಕಿಸೆಗೆ ಹಾಕಿಕೊಂಡು ಬನ್ನಿ. ಫೋನ್ ಮಾಡಿ ಹ್ಯಾಂಗ ಆತು ಎಂದು ಮಾತ್ರ ಕೇಳಬೇಡಿ.