ಸೊನ್ನೆಗೆ ಬೀಗ

ನಮ್ಮ ಅಕೌಂಟೆಂಟರ ಬಂಧುಬಳಗವೆಲ್ಲ ಗುಬ್ಬಿಗೂ ಕುಣಿಗಲಿಗೂ ನಡುವೆಯೇ ಇದೆ. ಆದರೂ ಅವರು ತಮ್ಮ ಮೇಜಿನ ಫೋನಿಗೆ ಐಎಸ್‌ಡಿ ಬೇಕೆಂದು ಪಟ್ಟು ಹಿಡಿದರು. "ಮಾಡೋಕಲ್ಲ ಸಾರ್, ಇರ್ಲಿ ಅಂತ" ಎಂದರು. ಇಂಥ ವಾದಕ್ಕೆ ಎದುರು ಹೇಳುವುದೇನು? ಕೊಟ್ಟೆ. ಇಂದಿನವರೆಗೆ ಅದರಿಂದ ಒಂದು ಕರೆಯೂ ಹೊರದೇಶಕ್ಕೆ ಹೋಗಿಲ್ಲ. ಅವರ ನಡಿಗೆ ಮಾತ್ರ ಬದಲಾಗಿದೆ.

ರಾಜಾಜಿನಗರದ ಹೆಡ್ಡಾಫೀಸು, ದಾಬಸ್‌ಪೇಟೆಯ ಕಾರ್ಖಾನೆ, ತ್ಯಾಮಗೊಂಡ್ಲು ಗೋಡೌನು, ಮೂರಕ್ಕೂ ಸೇರಿಸಿ ಇಂಟರ್ನೆಟ್ಟಿನಲ್ಲಿ ಓಡುವ ಹೊಸ ಫೋನು ಬಂದಿತ್ತು. ಯಾವ ಫೋನಿನಿಂದ ಎಲ್ಲಿಯವರೆಗೆ ಮಾತಾಡಬಹುದು ಎಂದು ಕಂಪ್ಯೂಟರಿನಲ್ಲಿ ಗುರುತು ಹಾಕುವ ಕೆಲಸ ನನ್ನ ತಲೆಗೆ ಬಿತ್ತು. ಒಳಗೊಳಗೆ ಮಾತ್ರ, ಲೋಕಲ್, ಪರಊರಿಗೆ ಎಸ್‌ಟಿಡಿ, ಹೊರದೇಶಕ್ಕೆ ಐಎಸ್‌ಡಿ. ಸಂಬಳದ ಪಟ್ಟಿಯಾದರೂ ಗುಟ್ಟಾಗಿರುತ್ತದೆ. ಈ ಪಟ್ಟಿ ಊಟದ ಹೊತ್ತಿಗೆಲ್ಲ ಎಲ್ಲರ ಬಾಯಲ್ಲೂ ಇತ್ತು. ಪರ್ಚೇಸಿನವರಿಗೆ ಎಸ್‌ಟಿಡಿ, ಸ್ಟೋರ್ಸಿನವರಿಗೆ ಲೋಕಲ್ ಎಂದದ್ದೇ ತಡ, ಅಲ್ಲಿಯವರೆಗೆ ಉಪ್ಪಿನಕಾಯಿ ಹಂಚಿಕೊಂಡು ಉಣ್ಣುತ್ತಿದ್ದವರು ಬೇರೆ ಬೇರೆ ಮೇಜಿಗೆ ಹೋದರು.

ಹಿಂದೆ ಇದಕ್ಕೆಲ್ಲ ಒಂದು ಅರ್ಥವಿತ್ತು. ದೇಶದಲ್ಲಿ ಎಸ್‌ಟಿಡಿ ಶುರುವಾದದ್ದು 1960ರಲ್ಲಿ, ಲಖನೌ–ಕಾನ್ಪುರದ ನಡುವೆ. ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರ 128 ಲೈನಿನ ಹಳ್ಳಿ ಎಕ್ಸ್‌ಚೇಂಜು ಮೊದಲು ಕೂತದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲೇ. ದೂರದ ಮಾತೆಂದರೆ ದುಡ್ಡಿನ ಮಾತು. ರಾತ್ರಿ ದರ ಇಳಿಯಲೆಂದು ಬೂತಿನ ಮುಂದೆ ಜನ ಆಕಳಿಸುತ್ತ ಕಾಯುತ್ತಿದ್ದರು. ಆಫೀಸುಗಳಲ್ಲಿ ಡಯಲಿನ ತೂತಿಗೊಂದು ಪುಟ್ಟ ಬೀಗ, ಅದರ ಕೀಲಿ ಸಾಹೇಬರ ಜೇಬಿನಲ್ಲಿ. ಸಾಹೇಬರಿಗೆ ಗೊತ್ತಿಲ್ಲದ್ದು ಒಂದಿತ್ತು. ಡಯಲು ತಿರುಗಿದಾಗ ಆಗುವುದಿಷ್ಟೇ: ತಂತಿಯ ಕರೆಂಟು ಅಂಕಿಯಷ್ಟು ಸಲ ಕಡಿದು ಕೂಡುತ್ತದೆ. ರಿಸೀವರಿನ ಕೆಳಗಿನ ಗುಂಡಿ ತಟ್ಟಿದರೂ ಅದೇ ಆಗುತ್ತದೆ. ಐದಕ್ಕೆ ಐದು ಏಟು, ಸೊನ್ನೆಗೆ ಹತ್ತು. ಕೈ ಪಳಗಿದ ಅಟೆಂಡರು ಮೃದಂಗದವರಂತೆ ತಟ್ಟಿ, ಬೀಗವನ್ನು ಮುಟ್ಟದೆಯೇ ಊರಿನವರ ಯೋಗಕ್ಷೇಮ ವಿಚಾರಿಸಿ ಇಡುತ್ತಿದ್ದ.

2006ರ ಮಾರ್ಚಿನಲ್ಲಿ ಬಿಎಸ್‌ಎನ್‌ಎಲ್‌ನವರು ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂದರು. ಅವತ್ತೇ ಆ ಬೀಗ ಗುಜರಿಗೆ ಹೋಗಬೇಕಿತ್ತು. ಹೋಗಲಿಲ್ಲ, ಕಂಪ್ಯೂಟರಿನೊಳಗೆ ಸೇರಿಕೊಂಡಿತು. ಈಗ ಅದು ದುಡ್ಡು ಕಾಯುವುದಿಲ್ಲ, ಯಾರು ಯಾರಿಗಿಂತ ದೊಡ್ಡವರು ಎಂಬುದನ್ನು ಕಾಯುತ್ತದೆ.

ತ್ಯಾಮಗೊಂಡ್ಲು ಗೋಡೌನಿಗೆ ಹೆಡ್ಡಾಫೀಸಿನ ಕಟ್ಟಪ್ಪಣೆ ಬಂತು: ಲೋಕಲ್ ಸಾಕು, ಸೊನ್ನೆಯಿಂದ ಶುರುವಾಗುವ ಯಾವ ನಂಬರೂ ಹೋಗಕೂಡದು. ಸರಿ. ಆದರೆ 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಒತ್ತಲೇಬೇಕೆಂದು ಸರ್ಕಾರದ ನಿಯಮ. ಲಾರಿ ಡ್ರೈವರು, ಹಮಾಲಿ ಮೇಸ್ತ್ರಿ, ಎಲೆಕ್ಟ್ರಿಷಿಯನ್ನು, ಇವರಲ್ಲಿ ಯಾರ ಮನೆಯಲ್ಲಿ ಲ್ಯಾಂಡ್‌ಲೈನಿದೆ? ಬೀಗ ಬಿದ್ದದ್ದು ಸೊನ್ನೆಗೆ, ಸಿಕ್ಕಿಕೊಂಡದ್ದು ಲೋಕವೆಲ್ಲ. ವಾಚ್‌ಮನ್ ಹೊಸ ಫೋನನ್ನು ಸುತ್ತ ತಿರುಗಿಸಿ ನೋಡಿ, "ಇದನ್ಯಾಕ್ ಸಾರ್ ಇಲ್ಲಿ ಇಕ್ಕವ್ರೆ?" ಎಂದು ಕೇಳಿ, ಜೇಬಿನಿಂದ ತನ್ನ ಮೊಬೈಲು ತೆಗೆದು ಲಾರಿಯವನನ್ನು ಕರೆದ. 112 ಮತ್ತು 108 ಎರಡನ್ನು ಮಾತ್ರ ನಾನು ಯಾರ ಸಹಿಯನ್ನೂ ಕೇಳದೆ ಮೂರೂ ಕಡೆಯ ಎಲ್ಲ ಫೋನಿಗೂ ತೆರೆದಿಟ್ಟಿದ್ದೆ. ಕಳ್ಳನಾಗಲಿ ಹಾವಾಗಲಿ ಗ್ರೇಡು ನೋಡಿ ಬರುವುದಿಲ್ಲ.

ಉಳಿದದ್ದು ತುಮಕೂರು. ಗೋಡೌನಿನ ವ್ಯವಹಾರವೆಲ್ಲ ಅಲ್ಲಿಯ ಮಂಡಿಯವರ ಜೊತೆಗೇ. ನೆಲದ ಮೇಲೆ ನಮಗೆ ರಾಜಾಜಿನಗರಕ್ಕಿಂತ ತುಮಕೂರು ಹತ್ತಿರ. ಟೆಲಿಫೋನಿನ ಭೂಗೋಳದಲ್ಲಿ ಗೋಡೌನಿರುವ ನೆಲಮಂಗಲ ತಾಲ್ಲೂಕು ಬೆಂಗಳೂರಿನಂತೆಯೇ 080, ತುಮಕೂರು 0816. ಹಾಗಾಗಿ ದೂರದ ಹೆಡ್ಡಾಫೀಸು ಲೋಕಲ್, ಪಕ್ಕದ ತುಮಕೂರು ಎಸ್‌ಟಿಡಿ. ಅನುಮತಿಗೆ ಫಾರಂ ತುಂಬಿದೆ. 'ಎಸ್‌ಟಿಡಿ ಏಕೆ ಬೇಕು?' ಎಂಬಲ್ಲಿ 'ತುಮಕೂರು ಹತ್ತಿರ ಇರುವುದರಿಂದ' ಎಂದು ಬರೆದೆ.

ಫಾರಂ ವಾಪಸು ಬಂತು. ಕೆಂಪು ಶಾಯಿಯಲ್ಲಿ ಷರಾ: 'ಹತ್ತಿರವಿದ್ದರೆ ಎಸ್‌ಟಿಡಿ ಏಕೆ?'